ಕಾಡಿಗೆ ಬಂದ ಹುಡುಗಿಯನ್ನು 11 ತಿಂಗಳ ಆದೇಶ ಕೊಟ್ಟು ವಾಪಸ್ ಕಳಿಸಿದೆವು

ಮಾನ್ಯ ಸಂಪಾದಕರೇ,

ವಿಜ್ಞಾನ ಓದಿದ ಹುಡುಗರು ಸರ್ಕಾರಿ ಸೇವೆಗೆ ಬರುತ್ತಿಲ್ಲ, ಎಲ್ಲರಿಗೂ ಬೆಂಗಳೂರಿನ ಕಂಪನಿ ಬೇಕು, ಇಲ್ಲಾಂದ್ರೆ ಅಮೆರಿಕ ಬೇಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲೂ ಇದೇ ಮಾತು, ಕಾಲೇಜಿನ ವೇದಿಕೆಯಲ್ಲೂ ಇದೇ ಮಾತು. ನನಗೆ ಇದು ಒಪ್ಪಿಗೆಯಿಲ್ಲ. ಬರುವವರು ಇದ್ದಾರೆ. ಬಂದವಳೊಬ್ಬಳನ್ನು ನಾನೇ ಹತ್ತಿರದಿಂದ ನೋಡಿದ್ದೇನೆ. ಅವಳು ನನ್ನ ಅಣ್ಣನ ಮಗಳು. ಅವಳನ್ನು ಉಳಿಸಿಕೊಳ್ಳಲು ನಮಗೆ ಆಗಲಿಲ್ಲ. ಈ ವಿಷಯ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಜಾಗ ಕೊಡಿ.

ನಾನು ಶಿರಸಿಯವನು. 1986ರಲ್ಲಿ ಆರೋಗ್ಯ ಇಲಾಖೆಗೆ ಸೇರಿ 2019ರಲ್ಲಿ ನಿವೃತ್ತನಾದೆ. ಅದರಲ್ಲಿ ಹೆಚ್ಚಿನ ವರ್ಷ ಕಳೆದದ್ದು ಸಿದ್ದಾಪುರ ತಾಲ್ಲೂಕಿನಲ್ಲಿ. ಪಿಯುಸಿ ಮುಗಿಸಿ, ತರಬೇತಿ ಪಡೆದು ಕೆಲಸಕ್ಕೆ ಸೇರಿದ ಆರೋಗ್ಯ ಸಹಾಯಕ ನಾನು. ನಮ್ಮ ಮುಖ್ಯ ಕೆಲಸ ಮಂಗನ ಕಾಯಿಲೆಯದು. ಜ್ವರ ಬಂದವರ ಮನೆಗೆ ಹೋಗುವುದು, ರಕ್ತದ ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು ಶಿವಮೊಗ್ಗಕ್ಕೆ ಕಳಿಸುವುದು, ಲಸಿಕೆ ಹಾಕಿಸಿಕೊಳ್ಳಿ ಅಂತ ಮನೆಮನೆಗೆ ಹೇಳುವುದು, ಹುಳ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ ಹಂಚುವುದು, ಮಂಗ ಸತ್ತ ಸುದ್ದಿ ಬಂದರೆ ಕಾಡಿಗೆ ಓಡುವುದು. ಡಿಸೆಂಬರಿನಿಂದ ಮೇ ತನಕ ಇದೇ ನಮ್ಮ ಬದುಕು.

ಕರಾವಳಿಯ ಓದುಗರಿಗೆ, ದೂರದ ಊರಿನವರಿಗೆ ಮಂಗನ ಕಾಯಿಲೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಊರಿನ ಜನಕ್ಕೂ ಜ್ವರ ಹಿಡಿಯಿತು. ಆಗ ಗೊತ್ತಾದ ವೈರಸ್ ಇದು. ಇಂದಿಗೂ ಪ್ರಪಂಚದ ಪುಸ್ತಕಗಳಲ್ಲಿ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಇದೆ. ಇದನ್ನು ಹರಡುವುದು ಉಣುಗು, ಪ್ರಾಣಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಮಂಗನ ಮೈ ಬಿಸಿ ಇರುವ ತನಕ ಉಣುಗು ಅದರ ಮೈಮೇಲೆ ಇರುತ್ತದೆ. ಮಂಗ ಸತ್ತು ಮೈ ತಣ್ಣಗಾದರೆ ಇಳಿದು ತರಗೆಲೆಯೊಳಗೆ ಸೇರುತ್ತದೆ. ನಮ್ಮ ಕಡೆ ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಕು (ಒಣಗಿದ ತರಗೆಲೆ) ತರುತ್ತಾರಲ್ಲ, ಆ ದರಕಿನ ಜೊತೆ ಉಣುಗು ಮೈಗೆ ಹತ್ತುತ್ತದೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆ ಸಿಡಿಯುವ ನೋವು, ಮೈಕೈ ಹಿಡಿದುಕೊಳ್ಳುವುದು. ಕೆಲವರಿಗೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ. ರೋಗ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಹಳೆಯ ಲಸಿಕೆಯ ಬಳಕೆ ಈಗ ನಿಂತಿದೆ, ಹೊಸದರ ಕೆಲಸ ನಡೆದಿದೆ.

ಈಗ ಅಣ್ಣನ ಮಗಳ ವಿಷಯಕ್ಕೆ ಬರುತ್ತೇನೆ. 2014ರ ಡಿಸೆಂಬರ್. ಅವಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ರಜೆಗೆ ಬಂದಿದ್ದಳು. ಒಂದು ಊರಿನ ಬೆಟ್ಟದಲ್ಲಿ ಮುಸಿಯ (ಕಪ್ಪು ಮುಖದ ಮಂಗ) ಸತ್ತಿದೆ ಅಂತ ಬೆಳಿಗ್ಗೆ ಫೋನ್ ಬಂತು. ನಾನು ಹೊರಟೆ. "ಚಿಕ್ಕಪ್ಪ, ನಾನೂ ಬರ್ತೇನೆ" ಅಂದಳು. ಅವಳಿಗೆ ಲಸಿಕೆ ಮೊದಲೇ ಆಗಿತ್ತು. ತೋಳು ಮುಚ್ಚುವ ಅಂಗಿ ಹಾಕಿಸಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಎಣ್ಣೆ ಹಚ್ಚಿಸಿ ಕರೆದುಕೊಂಡು ಹೋದೆ.

ಉಣುಗು ಹಿಡಿಯುವ ರೀತಿ ನೋಡದವರಿಗೆ ಹೇಳುತ್ತೇನೆ. ಒಂದು ಗಜ ಅಗಲದ ಬಿಳಿ ಫ್ಲಾನೆಲ್ ಬಟ್ಟೆ. ಅದರ ಒಂದು ಅಂಚಿಗೆ ಕೋಲು ಹೊಲಿದಿರುತ್ತದೆ. ಕೋಲಿನ ಎರಡು ತುದಿಗೆ ಹಗ್ಗ. ಆ ಹಗ್ಗ ಹಿಡಿದು ಬಟ್ಟೆಯನ್ನು ತರಗೆಲೆಯ ಮೇಲೆ ನಿಧಾನ ಎಳೆಯುತ್ತಾ ಹೋಗಬೇಕು. ಮೈಗೆ ಹತ್ತಲು ಕಾಯುತ್ತಾ ಎಲೆಯ ತುದಿಯಲ್ಲಿ ಕೂತ ಉಣುಗು, ಪ್ರಾಣಿ ಬಂತು ಅಂತ ತಿಳಿದು ಬಟ್ಟೆಯ ನವಿರಿಗೆ ಕಚ್ಚಿಕೊಳ್ಳುತ್ತದೆ. ಹತ್ತು ಮಾರು ಎಳೆದು ಬಟ್ಟೆ ಮಗುಚಿ ನೋಡಬೇಕು. ಗಸಗಸೆ ಕಾಳಿನಷ್ಟು ಸಣ್ಣ ಚುಕ್ಕಿ. ಚಿಮಟದಲ್ಲಿ ತೆಗೆದು ಶೀಶೆಗೆ ಹಾಕಿ, ಊರಿನ ಹೆಸರು, ತಾರೀಕು, ಎಷ್ಟು ಸಿಕ್ಕಿತು ಎಂಬುದನ್ನು ಬರೆದು ಕಳಿಸಬೇಕು.

ಅವಳು ಬಟ್ಟೆಯ ಪಕ್ಕ ಮಂಡಿಯೂರಿ ಕೂತಳು. ಚೀಲದಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡಿದ್ದಳು, ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಎಷ್ಟೋ ಹೊತ್ತು ಮಾತೇ ಇಲ್ಲ. ಆಮೇಲೆ ನನ್ನನ್ನು ಕರೆದಳು. "ಚಿಕ್ಕಪ್ಪ, ಇದಕ್ಕೆ ಆರು ಕಾಲು, ಇದು ಮರಿ. ಇದಕ್ಕೆ ನೋಡು, ಎಂಟು ಕಾಲು. ಇದು ಮರಿಯ ಮುಂದಿನ ಹಂತ, ನಿಂಫ್. ಮನುಷ್ಯರಿಗೆ ಜಾಸ್ತಿ ಕಚ್ಚೋದು ಇದು. ನೀನು ಎರಡನ್ನೂ ಒಟ್ಟಿಗೆ ಎಣಿಸ್ತಾ ಇದ್ದೀಯಲ್ಲ?"

28 ವರ್ಷ ಆ ಕೆಲಸ ಮಾಡಿದ್ದೆ. ನನ್ನ ಪುಸ್ತಕದಲ್ಲಿ ಎರಡಕ್ಕೂ 'ಸಣ್ಣ ಉಣುಗು' ಅಂತ ಒಂದೇ ಹೆಸರು. ಕಾಲು ಎಣಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ರಜೆಯಲ್ಲಿ ಅವಳು ನನ್ನ ಜೊತೆ ಆರು ಸಲ ಬಂದಳು. ಮನೆಯ ಹಳೆ ಕ್ಯಾಲೆಂಡರಿನ ಹಿಂದುಗಡೆ ಗೆರೆ ಎಳೆದು, ಒಂದು ಬೆಟ್ಟದಲ್ಲಿ ಯಾವ ವಾರ ಆರು ಕಾಲಿನದು ಎಷ್ಟು, ಎಂಟು ಕಾಲಿನದು ಎಷ್ಟು ಅಂತ ಬರೆದಳು. ಮೊದಲ ವಾರಗಳಲ್ಲಿ ಆರು ಕಾಲಿನದೇ ಹೆಚ್ಚು. ಬರಬರುತ್ತಾ ಎಂಟು ಕಾಲಿನ ಗೆರೆ ಮೇಲೆ ಹೋಯಿತು. "ಈ ಗೆರೆ ಏಳುವ ಮೊದಲೇ ದರಕು ತಂದು ಮುಗಿಸಿಕೊಳ್ಳಿ ಅಂತ ಜನರಿಗೆ ಹೇಳಬಹುದು, ಅಲ್ವಾ?" ಅಂದಳು. ಹೌದು, ಹೇಳಬಹುದು. ಎಣ್ಣೆ ಹಚ್ಚಿಕೊಳ್ಳಿ ಅಂತ ವರ್ಷವಿಡೀ ಹೇಳುವುದಕ್ಕಿಂತ, ಈ ನಾಲ್ಕು ವಾರ ಬೆಟ್ಟಕ್ಕೆ ಹೋಗಬೇಡಿ ಅಂದರೆ ಜನ ಕೇಳುತ್ತಾರೆ. ನನಗೆ ಜನ ಗೊತ್ತು, ಅವಳಿಗೆ ಉಣುಗು ಗೊತ್ತು. ಎರಡೂ ಸೇರಿದರೆ ಎಷ್ಟು ಕೆಲಸ ಆಗಬಹುದು ಎಂಬುದು ಆ ಕ್ಯಾಲೆಂಡರ್ ನೋಡಿದಾಗ ನನಗೆ ಕಂಡಿತು.

ಎಂ.ಎಸ್ಸಿ. ಮುಗಿದ ಮೇಲೆ ಅವಳು ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಒಂದು ಯೋಜನೆಯಲ್ಲಿ ಕ್ಷೇತ್ರ ಕೆಲಸಕ್ಕೆ ಸೇರಿದಳು. ಆದೇಶ 11 ತಿಂಗಳದ್ದು. ಮುಗಿದ ಮೇಲೆ ಒಂದು ದಿನ ಬಿಟ್ಟು ಮತ್ತೆ 11 ತಿಂಗಳು. ಸಂಬಳ ಒಮ್ಮೆ ನಾಲ್ಕು ತಿಂಗಳು ಬರಲಿಲ್ಲ. ಬಸ್ಸಿಲ್ಲದ ಊರಿಗೆ ಹೋಗಲು ಬೈಕಿನ ಪೆಟ್ರೋಲು ಅಣ್ಣನೇ ಹಾಕಿಸುತ್ತಿದ್ದ. ಇದನ್ನೆಲ್ಲ ಅವಳು ಸಹಿಸಿಕೊಂಡಳು. 2018ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಮಂಗನ ಕಾಯಿಲೆ ಜಾಸ್ತಿ ಇರುವುದೇ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಋತುವಿನ ನಡುವೆ ಕೆಲಸ ನಿಂತಿತು. ಶೀಶೆಗಳನ್ನು ಪೆಟ್ಟಿಗೆಗೆ ತುಂಬಿ ಒಪ್ಪಿಸಿ ಬಂದಳು. ಆ ರಾತ್ರಿ ನಮ್ಮ ಮನೆಯಲ್ಲೇ ಇದ್ದಳು. ಊಟ ಸರಿಯಾಗಿ ಮಾಡಲಿಲ್ಲ.

ಅದೇ ವರ್ಷದ ಕೊನೆಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದಿತು, 2019ರ ತನಕವೂ ಸಾವುಗಳಾದವು. 2024ರ ಆರಂಭದಲ್ಲಿ ನಮ್ಮ ಸಿದ್ದಾಪುರದಲ್ಲೂ ಆಯಿತು. ಅವಳು ಇದ್ದಿದ್ದರೆ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ಗೆರೆಯನ್ನು ವರ್ಷ ವರ್ಷ ಎಳೆಯುವವರು ಒಬ್ಬರು ಇರುತ್ತಿದ್ದರು.

ಈಗ ಬೆಂಗಳೂರಿನಲ್ಲಿ ಔಷಧಿ ಪರೀಕ್ಷೆಯ ಕಾಗದಪತ್ರ ತಾಳೆ ನೋಡುವ ಕೆಲಸ ಮಾಡುತ್ತಾಳೆ. ಚೆನ್ನಾಗಿದ್ದಾಳೆ. ಸಂಬಳ ಸರಿಯಾಗಿ ತಿಂಗಳಿಗೆ ಬರುತ್ತದೆ. ಅವಳನ್ನು ನಾನು ತಪ್ಪು ಅನ್ನುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ ಮಾತು ಇದು: "ಸಂಬಳ ಜಾಸ್ತಿ ಬೇಕು ಅಂತ ಬಿಟ್ಟಿದ್ದಲ್ಲ ಚಿಕ್ಕಪ್ಪ. ಮುಂದಿನ ವರ್ಷವೂ ಅದೇ ಬೆಟ್ಟಕ್ಕೆ ಹೋಗ್ತೇನೆ ಅಂತ ನನಗೆ ಗೊತ್ತಾಗಬೇಕಿತ್ತು. ಅಷ್ಟೇ."

ಇಡೀ ಪತ್ರದಲ್ಲಿ ನಾನು ಹೇಳಬೇಕಾದ್ದು ಇದೇ ಮಾತು. ಯುವ ವಿಜ್ಞಾನಿಗಳನ್ನು ಸೆಳೆಯುವುದು ಹೇಗೆ ಅಂತ ದೊಡ್ಡವರು ಚರ್ಚೆ ಮಾಡುವಾಗ ಸಂಬಳದ ಮಾತು ಮೊದಲು ಬರುತ್ತದೆ. ಕೇಂದ್ರ ಸರ್ಕಾರದಲ್ಲಿ ವಿಜ್ಞಾನಿ 'ಬಿ' ಹುದ್ದೆಗೆ ಸೇರಿದವರಿಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 56,100 ರೂಪಾಯಿ, ಭತ್ಯೆ ಬೇರೆ. ಸಂಶೋಧನೆ ಮಾಡುವ ಜೂನಿಯರ್ ಫೆಲೋಗಳಿಗೂ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಶಿರಸಿ, ಕುಮಟಾದಂಥ ಊರಿನಲ್ಲಿ ಇದು ಕಡಿಮೆಯಲ್ಲ. ಕೊರತೆ ಇರುವುದು ಖಾಯಂ ಹುದ್ದೆಯಲ್ಲಿ, ಅದರಲ್ಲೂ ಜಿಲ್ಲೆ, ತಾಲ್ಲೂಕು ಮಟ್ಟದ ಹುದ್ದೆಯಲ್ಲಿ.

ಒಂದು ಹೋಲಿಕೆ ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿದೆ. ಕ್ಯಾಸನೂರಿನಲ್ಲಿ ಮಂಗ ಸತ್ತ 1957ನೇ ಇಸವಿಯಲ್ಲೇ ಮುಂಬೈಯ ಟ್ರಾಂಬೆಯಲ್ಲಿ ಹೋಮಿ ಭಾಭಾ ಅವರು ಅಣುಶಕ್ತಿ ಕೆಲಸಕ್ಕಾಗಿ ಒಂದು ತರಬೇತಿ ಶಾಲೆ ಶುರು ಮಾಡಿಸಿದರು. ಆಗ ತಾನೇ ಕಾಲೇಜು ಮುಗಿಸಿದವರನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು ಒಂದು ವರ್ಷ ಕಲಿಸಿ, ಪಾಸಾದವರಿಗೆ ನೇರವಾಗಿ ವಿಜ್ಞಾನಾಧಿಕಾರಿ ಹುದ್ದೆ. ಆ ಪದ್ಧತಿ ಇವತ್ತಿಗೂ ಇದೆ. ಸೇರುವ ದಿನವೇ ಹುಡುಗನಿಗೆ ಮುಂದಿನ ದಾರಿ ಗೊತ್ತಿರುತ್ತದೆ. ಮೂರು ವರ್ಷ ಕೆಲಸ ಮಾಡುತ್ತೇನೆ ಅಂತ ಅವನಿಂದಲೂ ಬರೆಸಿಕೊಳ್ಳುತ್ತಾರೆ. ಅದರ ಫಲ ನಮ್ಮ ಜಿಲ್ಲೆಯಲ್ಲೇ ಕಾಣುತ್ತದೆ. ಕಾಳಿ ನದಿಯ ದಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಒಂದನೇ ಘಟಕ ಒಂದು ದಿನವೂ ನಿಲ್ಲದೆ 962 ದಿನ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಿತು. ಆಗ ಅದು ವಿಶ್ವದಾಖಲೆ. ಕೈಗಾದ ಬಗ್ಗೆ ನಮ್ಮವರಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಅದು ಇನ್ನೊಂದು ಪತ್ರದ ವಿಷಯ. ಆದರೆ ಒಂದು ಯಂತ್ರವನ್ನು 962 ದಿನ ನೋಡಿಕೊಳ್ಳಲು ಖಾಯಂ ಜನ ಬೇಕು ಎಂಬುದು ಸರ್ಕಾರಕ್ಕೆ ಗೊತ್ತಿತ್ತು. 1957ರಿಂದ ಪ್ರತಿ ಬೇಸಿಗೆ ಬರುವ ಜ್ವರವನ್ನು ನೋಡಿಕೊಳ್ಳಲೂ ಹಾಗೇ ಜನ ಬೇಕು.

ಆ ಕಾಲದಲ್ಲಿ ಮಂಗನ ಕಾಯಿಲೆಗೂ ಅಂಥವರು ಇದ್ದರು ಎಂಬುದನ್ನು ನೆನೆಯಬೇಕು. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಿ ಶುರುವಾದದ್ದು. ಕಾಯಿಲೆ ಕಂಡ ಕೂಡಲೇ ಅಲ್ಲಿಂದ ಜನ ಬಂದರು. ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿದರು. ಆಗ ಇಪ್ಪತ್ತರ ಕೊನೆಯಲ್ಲಿದ್ದ ಪಿ.ಕೆ. ರಾಜಗೋಪಾಲನ್ ಎಂಬ ಕೀಟ ವಿಜ್ಞಾನಿ ಈ ಕಾಡುಗಳಲ್ಲಿ ವರ್ಷಗಟ್ಟಲೆ ಉಣುಗಿನ ಹಿಂದೆ ಓಡಾಡಿದರು. ಯಾವ ಉಣುಗು, ಯಾವ ತಿಂಗಳು, ಯಾವ ಪ್ರಾಣಿಯ ಮೈಮೇಲೆ ಎಂಬುದು ಇವತ್ತು ನಮಗೆ ಗೊತ್ತಿದ್ದರೆ ಅದು ಅವರಂಥವರ ದುಡಿಮೆ. ಆಮೇಲೆ ಅವರು ಪುದುಚೇರಿಯಲ್ಲಿ ಸೊಳ್ಳೆ, ಉಣುಗಿನಂಥ ರೋಗವಾಹಕಗಳ ಸಂಶೋಧನಾ ಕೇಂದ್ರವನ್ನು ನಡೆಸಿದರು, ಪದ್ಮಶ್ರೀ ಪಡೆದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಡಂಚಿನ ಮುದುಕರು 'ಉಣುಗು ಹಿಡಿಯುವ ಸಾಹೇಬರು' ಜೀಪಿನಲ್ಲಿ ಬರುತ್ತಿದ್ದ ದಿನಗಳ ಕಥೆ ಹೇಳುತ್ತಿದ್ದರು. ಒಂದು ಊರಿಗೆ ಒಬ್ಬ ವಿಜ್ಞಾನಿ ಮತ್ತೆ ಮತ್ತೆ ಬಂದರೆ ಜನ ಮೂವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ತೋಟದವರಿಗೆ ಇನ್ನೊಂದು ಉದಾಹರಣೆ ಹೇಳಬೇಕು. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಮಳೆಗಾಲದಲ್ಲಿ ಮದ್ದು ಹೊಡೆಸುತ್ತೇವಲ್ಲ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹಿಂದೆ ಅಡಿಕೆ ಗೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ಯುವಕ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಆಗ ಅವರಿಗೆ 30ರ ಆಸುಪಾಸು. ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, ಕೊಳೆಯ ಹಿಂದಿರುವ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಇದೇ ಮೈಲುತುತ್ತ, ಸುಣ್ಣದ ಬೋರ್ಡೋ ಮದ್ದು ಹೊಡೆದರೆ ಕೊಳೆ ತಡೆಯಬಹುದು ಅಂತ ತೋರಿಸಿಕೊಟ್ಟರು. ಮುಂದೆ ಅಲ್ಲಿಯ ಕೃಷಿ ನಿರ್ದೇಶಕರೂ ಆದರು, ಎರಡು ದಶಕಕ್ಕೂ ಹೆಚ್ಚು ಕಾಲ ಈ ನೆಲದಲ್ಲೇ ಉಳಿದರು. ಅವರಿಗೂ 11 ತಿಂಗಳ ಆದೇಶ ಕೊಟ್ಟಿದ್ದರೆ ಒಂದು ಮಳೆಗಾಲ ನೋಡಿ ಹೋಗಿಬಿಡುತ್ತಿದ್ದರು. ಒಂದು ಮಳೆಗಾಲದಲ್ಲಿ ಕೊಳೆ ಅರ್ಥವಾಗುವುದಿಲ್ಲ. ಈಗ ನಮ್ಮ ತೋಟಗಳನ್ನು ಎಲೆಚುಕ್ಕಿ ರೋಗ ಹಿಡಿದಿದೆ. ಸೋಗೆ ಒಣಗಿದ ಮರ ನೋಡುತ್ತಾ ಅಂಗಳದಲ್ಲಿ ಕೂತ ರೈತನಿಗೆ ಬೇಕಾಗಿರುವುದು ಹತ್ತು ವರ್ಷ ಇದೇ ತೋಟಕ್ಕೆ ಬರುವ ಒಬ್ಬ ವಿಜ್ಞಾನಿ. ಭಾಷಣ ಮಾಡಿ ಸಂಜೆ ಬಸ್ಸಿಗೆ ಹೋಗುವವರು ಈಗಾಗಲೇ ಸಾಕಷ್ಟು ಜನ ಬಂದಿದ್ದಾರೆ.

ವಿಜ್ಞಾನ ಓದಿದವರು ಸರ್ಕಾರಕ್ಕೆ ಬರುತ್ತಿಲ್ಲ ಎಂಬ ಮಾತೇ ತಪ್ಪು ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. ಅವರು ಬರುತ್ತಿದ್ದಾರೆ, ವಿಜ್ಞಾನವನ್ನು ಹೊರಗೆ ಬಿಟ್ಟು ಬರುತ್ತಿದ್ದಾರೆ. ನಮ್ಮ ಕೇರಿಯಲ್ಲೇ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಹುಡುಗ ಎಸ್‌ಡಿಎ ಆಗಿ ಟಪಾಲು ನೋಡುತ್ತಾನೆ. ಭೂಗರ್ಭಶಾಸ್ತ್ರ ಓದಿದವಳು ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಕೆಲಸಗಳೂ ಬೇಕು, ಅವಕ್ಕೂ ಒಳ್ಳೆಯವರು ಬೇಕು. ಆದರೆ ಅವರು ಕಲಿತದ್ದಕ್ಕೆ ತಕ್ಕ ಹುದ್ದೆ ಸರ್ಕಾರದಲ್ಲೇ ಇದೆ ಎಂಬುದು ಮನೆಯವರಿಗೆ ಗೊತ್ತಿಲ್ಲ. ಸರ್ಕಾರಿ ಕೆಲಸ ಅಂದರೆ ನಮಗೆ ತಹಶೀಲ್ದಾರರು, ಪಿಎಸ್‌ಐ, ಮೇಷ್ಟ್ರು, ಗುಮಾಸ್ತರು. 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಯುಪಿಎಸ್‌ಸಿಯೇ ಪ್ರತಿ ವರ್ಷ ಬೇರೆ ಪರೀಕ್ಷೆ ನಡೆಸುತ್ತದೆ, ಅಂತರ್ಜಲ ಮಂಡಳಿಗೂ ಅದರಿಂದಲೇ ಆರಿಸುತ್ತಾರೆ ಅಂತ ಆ ಹುಡುಗಿಯ ತಂದೆಗೆ ನಾನು ಹೇಳಿದಾಗ, "ಹೌದಾ? ಯುಪಿಎಸ್‌ಸಿ ಅಂದ್ರೆ ಐಎಎಸ್ ಅಲ್ವಾ?" ಅಂತ ಕೇಳಿದರು. ಕಾಲೇಜಿನಲ್ಲೂ ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಗೊತ್ತಿದ್ದವರಿಗೂ ಕಾಯುವ ಕಷ್ಟ ಇದೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕರ ಹುದ್ದೆಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) 2017ರಲ್ಲಿ ಅರ್ಜಿ ಕರೆಯಿತು. ಅದು ಬಿಟ್ಟರೆ 2022ರಲ್ಲಿ. 2018ರಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗ ನಾಲ್ಕು ವರ್ಷ ಏನು ಮಾಡಬೇಕು? ಅವನಿಗೆ ಮನೆಯಿದೆ, ಸಾಲವಿದೆ. ನಮ್ಮ ಜಿಲ್ಲೆಗೆ ಹವಾಮಾನ ಓದಿದವರು ಎಷ್ಟು ಬೇಕು ಅಂತ ನೋಡಿ. ಕಾರವಾರ, ಹೊನ್ನಾವರ, ಶಿರಾಲಿಯಲ್ಲಿ ಹವಾಮಾನ ಕೇಂದ್ರಗಳಿವೆ. ಕಡಲಿಗೆ ಹೋಗುವ ಬೋಟಿನವರು, ಭತ್ತ ಕೊಯ್ಯುವವರು, ಅಡಿಕೆ ಒಣಗಿಸುವವರು ಎಲ್ಲರೂ ಮಳೆಯ ಸುದ್ದಿಗೆ ಕಿವಿ ಕೊಟ್ಟು ಕೂತಿರುತ್ತಾರೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು, ಚಹಾ ಅಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಆಮೇಲೆ ಅಲ್ಲಿಗೆ ಭೂವಿಜ್ಞಾನಿಗಳು ಬಂದರು. ಮೊದಲೇ, ಪ್ರತಿ ಮೇ ತಿಂಗಳಲ್ಲಿ, ಈ ಗುಡ್ಡಗಳನ್ನು ನಡೆದು ನೋಡಿ ಯಾವುದು ಬಿರುಕು ಬಿಟ್ಟಿದೆ ಅಂತ ಹೇಳುವವರು ಜಿಲ್ಲೆಯಲ್ಲೇ ಬೇಕು. 2009ರಲ್ಲಿ ಕಾರವಾರದ ಕಡವಾಡದಲ್ಲಿ ಆಯಿತು. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಆಯಿತು. ಇನ್ನೂ ಎಷ್ಟು ಸಲ ಹೊರಗಿನಿಂದ ಕರೆಸಬೇಕು?

ಕರಾವಳಿಯಲ್ಲಂತೂ ಓದಿದವರೂ ಇದ್ದಾರೆ, ಕೆಲಸವೂ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಅಘನಾಶಿನಿಯ ಅಳಿವೆ 4,801 ಹೆಕ್ಟೇರು, 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಇಳಿತದ ಹೊತ್ತಿಗೆ ಕುಮಟಾ ಕಡೆಯ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಲ್ಲಿ ತಡಕಿ ಬೆಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕುವುದನ್ನು ನೋಡಿದ್ದೇನೆ. ಆ ಮನೆಯ ಮಕ್ಕಳಿಗೆ ಯಾವ ದಿಬ್ಬದಲ್ಲಿ ಬೆಳಚು ಕಡಿಮೆಯಾಯಿತು, ಯಾವ ವರ್ಷ ಉಪ್ಪು ಹೆಚ್ಚಾಗಿ, ಉಪ್ಪು ನೀರು ತಡೆಯುವ ಕಗ್ಗ ಭತ್ತವೂ ಸೋತಿತು ಎಂಬುದೆಲ್ಲ ಬಾಯಲ್ಲೇ ಇದೆ. ಅವರಲ್ಲಿ ಒಬ್ಬರು ಕೋಡಿಬಾಗದಲ್ಲಿ ಓದಿ ಅದೇ ಅಳಿವೆಯ ವಿಜ್ಞಾನಿಯಾಗಿ ನಿಂತರೆ, ಹೊರಗಿನವರು ಐದು ವರ್ಷದಲ್ಲಿ ಕಲಿಯುವುದನ್ನು ಅವರು ಮೊದಲ ದಿನವೇ ತಂದಿರುತ್ತಾರೆ.

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲು, ಎಂ.ಎಸ್ಸಿ. ಓದುವ ಮಕ್ಕಳನ್ನು ಒಂದು ಋತು ಪೂರ್ತಿ ಕ್ಷೇತ್ರಕ್ಕೆ ಕರೆದುಕೊಂಡು ಹೋಗಿ, ಕೈಗೆ ಹಣ ಕೊಟ್ಟು. ಮಂಗನ ಕಾಯಿಲೆಗೆ ಡಿಸೆಂಬರಿನಿಂದ ಮೇ, ಗುಡ್ಡಕ್ಕೆ ಮೇ ಮತ್ತು ಮಳೆಗಾಲ, ಕೊಳೆಗೆ ಜೂನಿನಿಂದ ಸೆಪ್ಟೆಂಬರ್. ಕೆಲಸ ಕಣ್ಣಾರೆ ನೋಡಿದವರಿಗೆ ಅದರ ರುಚಿ ಹತ್ತುತ್ತದೆ, ನನ್ನ ಅಣ್ಣನ ಮಗಳಿಗೆ ಹತ್ತಿದ ಹಾಗೆ. ಸಭೆ, ಪೋಸ್ಟರು, ವಿಜ್ಞಾನ ದಿನದ ಭಾಷಣ ಇದನ್ನು ಮಾಡಲಾರವು. ರುಚಿ ಹತ್ತಿದವರಿಗೆ ಪರೀಕ್ಷೆ ಯಾವ ತಿಂಗಳು ಅಂತ ಗೊತ್ತಿರಬೇಕು. ಭೂವಿಜ್ಞಾನಿಗಳಿಗೆ ಪ್ರತಿ ವರ್ಷ ಪರೀಕ್ಷೆ ಮಾಡಲು ಬರುತ್ತದೆ ಅಂದರೆ ಉಳಿದವರಿಗೂ ಬರುತ್ತದೆ, ರಾಜ್ಯ ಸರ್ಕಾರಕ್ಕೂ ಬರುತ್ತದೆ. ಪ್ರತಿ ವರ್ಷ ಬರುವ ರೋಗಕ್ಕೆ, ಪ್ರತಿ ವರ್ಷ ಬರುವ ಮಳೆಗೆ ಗುತ್ತಿಗೆಯ ಜನ ಬೇಡ. ಗುತ್ತಿಗೆಯಲ್ಲಿ ಈಗ ಕೆಲಸ ಮಾಡುತ್ತಿರುವವರು ಕಾಡು ತಿರುಗಿ ಕಲಿತದ್ದಕ್ಕೆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಕೊಡಿ, ವಯಸ್ಸಿನ ಮಿತಿಯಲ್ಲಿ ಆ ವರ್ಷಗಳನ್ನು ಬಿಟ್ಟುಕೊಡಿ.

ಹುದ್ದೆ ಮಾಡುವಾಗ ತಾಲ್ಲೂಕಿನಲ್ಲಿ ಮಾಡಿ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಅಲ್ಲಿ ಓದಿದವರು ಈ ಕಾಡು ಬಲ್ಲವರು. ಅವರಿಗೆ ಇಲ್ಲೇ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಒಂದು ಫ್ರಿಜ್ಜು, ಓಡಾಡಲು ಗಾಡಿ ಕೊಟ್ಟರೆ ಸಾಕು. ಜೊತೆಗೆ ನನ್ನಂಥ ಊರು ಬಲ್ಲ ಒಬ್ಬ ಸಹಾಯಕನನ್ನು ಕೊಡಿ. ಹೊಸಬರಿಗೆ ದಾರಿ, ಮನೆ, ಯಾವ ಮನೆಯಲ್ಲಿ ಮುದುಕರು ಒಬ್ಬರೇ ಇದ್ದಾರೆ, ಯಾರು ಜ್ವರ ಬಂದರೂ ಹೇಳುವುದಿಲ್ಲ, ಇವೆಲ್ಲ ಅವನಿಂದ ಗೊತ್ತಾಗಬೇಕು. ನಾನು ನಿವೃತ್ತನಾದ ದಿನ ನನ್ನ ತಲೆಯಲ್ಲಿದ್ದದ್ದನ್ನು ಒಪ್ಪಿಸಿಕೊಳ್ಳಲು ಯಾರೂ ಇರಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗಳು ಉಣುಗು ಹಿಡಿಯುವ ಕೆಲಸಕ್ಕೆ ಹೋಗುತ್ತೇನೆ ಅಂದಾಗ ನನ್ನ ಅತ್ತಿಗೆ ಮೊದಲು ಅತ್ತಳು. "ಇಷ್ಟು ಓದಿ ಕಾಡು ತಿರುಗುವುದಾ?" ಅಂದಳು. ಒಂದು ದಿನ, ಮಗಳು ಕೆಲಸಕ್ಕೆ ಹೋಗುತ್ತಿದ್ದ ಊರಿನ ಒಬ್ಬ ಹೆಂಗಸು ಜ್ವರದಿಂದ ಎದ್ದು, ಹಲಸಿನ ಹಪ್ಪಳದ ಕಟ್ಟು ಹಿಡಿದು ಮನೆಗೆ ಬಂದಳು. "ನಿಮ್ಮ ಮಗಳು ಹಟ ಮಾಡಿ ಆಸ್ಪತ್ರೆಗೆ ಕಳಿಸಿದ್ದಕ್ಕೆ ಉಳಿದೆ" ಅಂದಳು. ಅತ್ತಿಗೆ ಆಮೇಲೆ ಅಂಥ ಮಾತು ಆಡಲಿಲ್ಲ. ಮಗಳ ಬೂಟನ್ನು ತಾನೇ ತೊಳೆದಿಡುತ್ತಿದ್ದಳು.

ನನ್ನ ಹತ್ತಿರ 1991ರಿಂದ 2019ರ ತನಕದ ಪುಸ್ತಕಗಳಿವೆ. ಊರು, ತಾರೀಕು, ಸತ್ತ ಮಂಗ, ಸಿಕ್ಕ ಉಣುಗು ಎಲ್ಲ ಬರೆದಿಟ್ಟಿದ್ದೇನೆ. 2014ರ ಡಿಸೆಂಬರಿನಿಂದ ಆಚೆಗಿನದರಲ್ಲಿ ಆರು ಕಾಲು, ಎಂಟು ಕಾಲು ಬೇರೆ ಬೇರೆ ಇದೆ. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಯಾವ ಕಾಲೇಜಿನ ಮಕ್ಕಳು ಬಂದರೂ ಕೊಡುತ್ತೇನೆ, ಇಲಾಖೆಯವರ ಒಪ್ಪಿಗೆ ಇದ್ದರೆ ಜೊತೆಗೆ ಬೆಟ್ಟಕ್ಕೂ ಬರುತ್ತೇನೆ. ಫ್ಲಾನೆಲ್ ಬಟ್ಟೆ ಇನ್ನೂ ಇದೆ, ತೊಳೆದು ಮಡಿಸಿಟ್ಟಿದ್ದೇನೆ. ಡಿಸೆಂಬರ್ ಮೊದಲ ವಾರ ಬನ್ನಿ. ತೋಳು ಮುಚ್ಚುವ ಅಂಗಿ, ಉದ್ದ ಸಾಕ್ಸ್ ಇರಲಿ. ತೀರಾ ಬೆಳಿಗ್ಗೆ ಬೇಡ, ಒಂಬತ್ತರ ಮೇಲೆ ಹೊರಡೋಣ. ಇಬ್ಬನಿ ಆರದಿದ್ದರೆ ಬಟ್ಟೆ ಒದ್ದೆಯಾಗುತ್ತದೆ, ಉಣುಗು ಹತ್ತುವುದಿಲ್ಲ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕ
ಶಿರಸಿ, ಉತ್ತರ ಕನ್ನಡ